ಡಿಕ್ರಿ ಕೈಗೆ ಬಂತು, ಆಸ್ತಿ ಬರಲಿಲ್ಲ: ವಿಚ್ಛೇದನದ ಆದೇಶವನ್ನು ಜಾರಿ ಮಾಡಿಸುವುದು ಹೇಗೆ

ವಿಚ್ಛೇದನದ ಡಿಕ್ರಿಯಲ್ಲಿ ಎಲ್ಲವೂ ಚೆನ್ನಾಗಿಯೇ ಬರೆದಿರುತ್ತದೆ. ಗಂಡ ಇಷ್ಟು ಲಕ್ಷ ಕೊಡಬೇಕು, ಸೈಟು ಹೆಂಡತಿಯ ಹೆಸರಿಗೆ ಆಗಬೇಕು, ಒಡವೆ ವಾಪಸು ಬರಬೇಕು. ಗಡುವು ಮುಗಿದು ಆರು ತಿಂಗಳಾದರೂ ಒಂದೂ ಆಗಿರುವುದಿಲ್ಲ. ಆದೇಶ ಕೊಟ್ಟ ಕೋರ್ಟೇ ವಿಚಾರಿಸಿಕೊಳ್ಳುತ್ತದೆ ಎಂದು ಕೂತವರು ಕಾಯುತ್ತಲೇ ಇರಬೇಕಾಗುತ್ತದೆ. ಅಮಲ್ಜಾರಿ ಅರ್ಜಿಯನ್ನು, ಅಂದರೆ ಎಲ್ಲರ ಬಾಯಲ್ಲಿರುವ ಎಕ್ಸಿಕ್ಯೂಷನ್ ಪಿಟಿಷನ್ನನ್ನು, ನೀವೇ ಹಾಕಬೇಕು. ಯಾವ ಆಸ್ತಿಯ ಮೇಲೆ ಕೈಯಿಡಬೇಕೆಂದೂ ನೀವೇ ತೋರಿಸಬೇಕು. ಕೋರ್ಟಿನ ಆದೇಶ ಹಿಡಿದು ಅಮೀನ ಬರುವುದು ನೀವು ವಿಳಾಸ ಕೊಟ್ಟ ಮನೆಗೆ. ಎದುರಿನವರ ಆಸ್ತಿ ಎಲ್ಲಿದೆ ಎಂದು ಹುಡುಕುವ ಕೆಲಸ ಅವನದಲ್ಲ.

ಇನ್ನೊಂದು ತಪ್ಪು ತಿಳಿವಳಿಕೆಯನ್ನು ಮೊದಲೇ ಬದಿಗಿಡೋಣ. ಮದುವೆ ಮುರಿದರೆ ಗಂಡನ ಆಸ್ತಿಯಲ್ಲಿ ಅರ್ಧ ಹೆಂಡತಿಗೆ ಎಂಬ ಕಾನೂನು, ಗೋವಾ ಬಿಟ್ಟರೆ, ನಮ್ಮ ದೇಶದಲ್ಲಿಲ್ಲ. ಹಾಗಾಗಿ ಕರ್ನಾಟಕದಲ್ಲಿ ‘ಆಸ್ತಿ ಇತ್ಯರ್ಥ’ ಎನ್ನುವುದು ಬಹುಪಾಲು ಹುಟ್ಟುವುದು ರಾಜಿಯಿಂದಲೇ: ಹಿಂದೂ ವಿವಾಹ ಕಾಯ್ದೆಯ 13ಬಿ ಅಡಿಯ ಪರಸ್ಪರ ಒಪ್ಪಿಗೆಯ ಅರ್ಜಿ, ಇಲ್ಲವೇ ಮಧ್ಯಸ್ಥಿಕಾ ಕೇಂದ್ರದಲ್ಲಿ ಸಹಿಯಾದ ಒಪ್ಪಂದ. ವಾದ ನಡೆದು ಬಂದದ್ದಾದರೆ 25ನೇ ಕಲಮಿನ ಶಾಶ್ವತ ಜೀವನಾಂಶ, ಮದುವೆಯ ಹೊತ್ತಿಗೆ ಇಬ್ಬರಿಗೂ ಸೇರಿ ಬಂದ ವಸ್ತುಗಳ ಬಗ್ಗೆ 27ನೇ ಕಲಮಿನ ಆದೇಶ. ಕ್ರೈಸ್ತರಿಗೆ 1869ರ ವಿಚ್ಛೇದನ ಕಾಯ್ದೆ, ಮುಸ್ಲಿಂ ಮಹಿಳೆಯರಿಗೆ 1986ರ ಕಾಯ್ದೆ ಇವೆ. ಆದೇಶ ಯಾವ ಕಾಯ್ದೆಯದಾದರೂ, ಕೌಟುಂಬಿಕ ನ್ಯಾಯಾಲಯ ಕೊಟ್ಟದ್ದಾದರೆ ಜಾರಿಯ ದಾರಿ ಒಂದೇ: 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 18ನೇ ಕಲಮು. ಅದರ ಪ್ರಕಾರ ಈ ಡಿಕ್ರಿಗೆ ಸಿವಿಲ್ ಡಿಕ್ರಿಯ ಬಲವೇ ಇದೆ, ಜಾರಿ ಆಗುವುದು ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೇ ಆದೇಶದ ಪ್ರಕಾರ. ಮುಂದೆ ಬರೀ ‘ನಿಯಮ’ ಎಂದಿದ್ದರೆ ಈ 21ನೇ ಆದೇಶದ್ದು, ಕಾಯ್ದೆಯ ಹೆಸರಿಲ್ಲದೆ ‘ಕಲಮು’ ಎಂದಿದ್ದರೆ ಈ ಸಂಹಿತೆಯದು. ತಿಂಗಳ ಜೀವನಾಂಶದ ಕ್ರಿಮಿನಲ್ ಆದೇಶಕ್ಕೆ ಮಾತ್ರ ಬೇರೆ ದಾರಿ. ಅದು ಮುಂದೆ ಬರುತ್ತದೆ.

ಮೊದಲು ಡಿಕ್ರಿಯನ್ನು ಓದಿ

ಸರ್ಟಿಫೈಡ್ ಕಾಪಿಗೆ ಅರ್ಜಿ ಹಾಕುವಾಗ ಮೂರನ್ನೂ ಕೇಳಿ: ತೀರ್ಪು, ಡಿಕ್ರಿ, ರಾಜಿ ಒಪ್ಪಂದ. ಕೇಸು ಎಲ್ಲಿ ಎಡವುತ್ತದೆ ಎಂಬುದು ಹೆಚ್ಚಿನ ಸಲ ಇಲ್ಲೇ ಗೊತ್ತಾಗುತ್ತದೆ. ಡಿಕ್ರಿಯಲ್ಲಿ ‘ಉಭಯ ಪಕ್ಷಗಾರರ ವಿವಾಹ ವಿಸರ್ಜಿಸಲಾಗಿದೆ’ ಎಂದಷ್ಟೇ ಇದ್ದು, ಹಣ ಮತ್ತು ಮನೆಯ ಮಾತೆಲ್ಲ ಕಡತದಲ್ಲಿರುವ ಒಪ್ಪಂದದಲ್ಲಿ ಮಾತ್ರ ಉಳಿದಿದ್ದರೆ ಎದುರು ವಕೀಲರ ಮೊದಲ ತಕರಾರೇ ಅದು. ಅಮಲ್ಜಾರಿ ಕೋರ್ಟು ಡಿಕ್ರಿಯ ಹಿಂದಕ್ಕೆ ಹೋಗಿ ಇಲ್ಲದ್ದನ್ನು ಸೇರಿಸುವಂತಿಲ್ಲ. ‘ರಾಜಿ ಒಪ್ಪಂದದ ಷರತ್ತುಗಳು ಈ ಡಿಕ್ರಿಯ ಭಾಗವಾಗಿರತಕ್ಕದ್ದು’ ಎಂಬ ಒಂದು ಸಾಲು ಬೇಕು. ತೀರ್ಪಿನಲ್ಲಿ ಆ ಮಾತಿದ್ದು ಡಿಕ್ರಿ ಬರೆಯುವಾಗ ಬಿಟ್ಟುಹೋಗಿದ್ದರೆ ಸಂಹಿತೆಯ 152ನೇ ಕಲಮಿನಡಿ ತಿದ್ದುಪಡಿ ಅರ್ಜಿ ಹಾಕಿ, ಅದಾದ ಮೇಲೆ ಅಮಲ್ಜಾರಿಗೆ ಹೋಗಿ. ಸರ್ವೆ ನಂಬರು ತಪ್ಪಿದ್ದರೆ, ಚೆಕ್ಕುಬಂದಿಯಲ್ಲಿ ಪೂರ್ವ ಪಶ್ಚಿಮ ಅದಲುಬದಲಾಗಿದ್ದರೆ, ಅದಕ್ಕೂ ಇದೇ ಮದ್ದು.

ಇನ್ನೂ ಸಹಿ ಹಾಕದವರು ಈ ಎರಡು ಬರಹಗಳನ್ನು ಅಕ್ಕಪಕ್ಕ ಇಟ್ಟು ನೋಡಲಿ. ಸಾಮಾನ್ಯವಾಗಿ ಕಾಣುವುದು ಇದು:

‘2ನೇ ಪಕ್ಷದವರು ಮೈಸೂರಿನ ಮನೆಯನ್ನು 1ನೇ ಪಕ್ಷದವರಿಗೆ ಬಿಟ್ಟುಕೊಡಲು ಒಪ್ಪಿರುತ್ತಾರೆ ಮತ್ತು 20 ಲಕ್ಷ ರೂಪಾಯಿಗಳನ್ನು ಕಂತುಗಳಲ್ಲಿ ಕೊಡುತ್ತಾರೆ.’

ಯಾವ ಮನೆ, ಯಾವ ಪತ್ರದ ಮೂಲಕ, ಯಾವ ತಾರೀಕಿನೊಳಗೆ, ಎಷ್ಟು ಕಂತು, ಸ್ಟಾಂಪ್ ಖರ್ಚು ಯಾರದು, ಬ್ಯಾಂಕಿನ ಸಾಲ ಯಾರ ತಲೆಗೆ? ಒಂದಕ್ಕೂ ಉತ್ತರವಿಲ್ಲ. ಹೀಗೆ ಬರೆದರೆ ಜಾರಿ ಮಾಡಿಸಬಹುದು:

‘2ನೇ ಪಕ್ಷದವರು ಷೆಡ್ಯೂಲ್ ಎ ಸ್ವತ್ತಿನಲ್ಲಿ ತಮಗಿರುವ ಅರ್ಧ ಹಿಸ್ಸೆಯನ್ನು ನೋಂದಾಯಿತ ಹಕ್ಕುಬಿಡುಗಡೆ ಪತ್ರದ ಮೂಲಕ ಇಂಥ ತಾರೀಕಿನೊಳಗೆ 1ನೇ ಪಕ್ಷದವರಿಗೆ ಬಿಟ್ಟುಕೊಡತಕ್ಕದ್ದು. ಮುದ್ರಾಂಕ ಮತ್ತು ನೋಂದಣಿ ಶುಲ್ಕ 1ನೇ ಪಕ್ಷದವರದು. ತಪ್ಪಿದಲ್ಲಿ ನ್ಯಾಯಾಲಯದ ಮೂಲಕ ಪತ್ರ ಮಾಡಿಸಿಕೊಳ್ಳುವ ಹಕ್ಕು 1ನೇ ಪಕ್ಷದವರಿಗೆ ಇರುತ್ತದೆ. ಶಾಶ್ವತ ಜೀವನಾಂಶ 20 ಲಕ್ಷ ರೂಪಾಯಿಗಳನ್ನು ತಲಾ 5 ಲಕ್ಷದ 4 ಕಂತುಗಳಲ್ಲಿ ಈ ಕೆಳಗಿನ ತಾರೀಕುಗಳಂದು 1ನೇ ಪಕ್ಷದವರ ಬ್ಯಾಂಕ್ ಖಾತೆಗೆ ಜಮಾ ಮಾಡತಕ್ಕದ್ದು. ಯಾವುದೇ ಕಂತು 15 ದಿನ ತಡವಾದರೆ ಉಳಿದ ಪೂರ್ತಿ ಮೊತ್ತ ಒಮ್ಮೆಗೇ ಬಾಕಿಯಾಗಿ, ಅದರ ಮೇಲೆ ವಾರ್ಷಿಕ ಶೇ. 9ರ ಬಡ್ಡಿ ಸೇರುತ್ತದೆ.’

ಬಡ್ಡಿಯ ಮಾತು ಅಲಂಕಾರಕ್ಕಲ್ಲ. ಡಿಕ್ರಿ ಮುಂದಿನ ಬಡ್ಡಿಯ ಬಗ್ಗೆ ಸುಮ್ಮನಿದ್ದರೆ ಅದನ್ನು ನಿರಾಕರಿಸಿದಂತೆಯೇ ಎಂದು ಸಂಹಿತೆಯ 34ನೇ ಕಲಮು ಹೇಳುತ್ತದೆ. ಹೀಗೆ ಬಿಟ್ಟರೆ ಐದು ವರ್ಷ ಎಳೆದಾಡಿದವನು ಕೊನೆಗೆ ಅಸಲು ಕಟ್ಟಿ ನಗುತ್ತಾ ಹೋಗುತ್ತಾನೆ. ‘ಶಾಶ್ವತ ಜೀವನಾಂಶ’ ಎಂಬ ಪದಕ್ಕೂ ಬೆಲೆಯಿದೆ. ಸಂಬಳ ಜಪ್ತಿಯ ಲೆಕ್ಕ ಬರುವಾಗ ಅದು ಯಾಕೆಂದು ತಿಳಿಯುತ್ತದೆ. ಇನ್ನು ‘ಹಕ್ಕುಬಿಡುಗಡೆ ಪತ್ರ’ ನಡೆಯುವುದು ಇಬ್ಬರೂ ಜಂಟಿ ಮಾಲೀಕರಾಗಿದ್ದಾಗ. ಸ್ವತ್ತು ಗಂಡನೊಬ್ಬನ ಹೆಸರಲ್ಲಿದ್ದರೆ ಬೇಕಾದದ್ದು ದಾನಪತ್ರ ಅಥವಾ ಕ್ರಯಪತ್ರ. ತಪ್ಪು ಪತ್ರದ ಹೆಸರು ಬರೆದ ಡಿಕ್ರಿ ಸಬ್‌ರಿಜಿಸ್ಟ್ರಾರ್ ಕಚೇರಿಯ ಬಾಗಿಲಲ್ಲಿ ನಿಂತುಬಿಡುತ್ತದೆ.

ನಮ್ಮನ್ನು ಕೇಳಿದರೆ, ಪತ್ರದ ಕೆಲಸವನ್ನು ಡಿಕ್ರಿಯ ನಂತರಕ್ಕೆ ಇಡಲೇಬೇಡಿ. 13ಬಿ ಅರ್ಜಿ ಹಾಕಿದ ದಿನಕ್ಕೂ ಎರಡನೇ ಸಲ ಹಾಜರಾಗುವ ದಿನಕ್ಕೂ ನಡುವೆ ಇರುವ ಆರು ತಿಂಗಳಲ್ಲೇ ನೋಂದಣಿ ಮುಗಿಸಿ. ಗಂಡ ಹೆಂಡತಿಗೆ ದಾನ ಬರೆದುಕೊಟ್ಟರೆ ಕುಟುಂಬ ಸದಸ್ಯರ ನಡುವಿನ ಪತ್ರಕ್ಕಿರುವ ಮುದ್ರಾಂಕ ರಿಯಾಯಿತಿ ಸಿಗುತ್ತದೆ. ಡಿಕ್ರಿಯಾದ ಮರುದಿನ ಕಾನೂನಿನ ಕಣ್ಣಿಗೆ ಆಕೆ ಹೆಂಡತಿಯಲ್ಲ, ರಿಯಾಯಿತಿಗೂ ತಕರಾರು ಶುರು. ಆರು ತಿಂಗಳ ಕಾಯುವಿಕೆಯನ್ನು ಕೋರ್ಟು ಮನ್ನಾ ಮಾಡಬಹುದು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ಆದರೆ ಪತ್ರ ಆಗದಿರುವಾಗ ಮನ್ನಾ ಕೇಳಲು ಅವಸರ ಪಡುವುದರಿಂದ ನಿಮ್ಮ ಕೈಯಲ್ಲಿದ್ದ ಒಂದೇ ಹಿಡಿತ ಹೋಗುತ್ತದೆ.

ರಾಜಿ ಡಿಕ್ರಿಯೇ ಹಕ್ಕುಪತ್ರವಾಗುತ್ತದೆ, ನೋಂದಣಿ ಬೇಕಿಲ್ಲ ಎಂದು ಹೇಳುವವರೂ ಇದ್ದಾರೆ. ನೋಂದಣಿ ಕಾಯ್ದೆಯ 17(2)(vi) ಪ್ರಕಾರ ಕೋರ್ಟಿನ ಡಿಕ್ರಿಗೆ ವಿನಾಯಿತಿ ಇರುವುದು ನಿಜ. ಆದರೆ ರಾಜಿಯಲ್ಲಿ ಬಂದ ಸ್ಥಿರಾಸ್ತಿ ಆ ದಾವೆಯ ವಿಷಯವೇ ಅಲ್ಲದಿದ್ದರೆ ವಿನಾಯಿತಿ ಇಲ್ಲ. ಬರೀ ವಿಚ್ಛೇದನದ ಅರ್ಜಿಯಲ್ಲಿ ಕೊನೆಗೆ ಮನೆಯ ಮಾತು ಸೇರಿಸಿದರೆ ಈ ಪ್ರಶ್ನೆ ಎದ್ದೇ ಏಳುತ್ತದೆ. ಸ್ವತ್ತನ್ನು ಮೂಲ ಅರ್ಜಿಯ ಷೆಡ್ಯೂಲಿನಲ್ಲೇ ಹಾಕಿ ಪರಿಹಾರ ಕೇಳಿರಬೇಕು, ಇಲ್ಲವೇ ಪತ್ರ ಮಾಡಿಸಿಕೊಳ್ಳಬೇಕು.

ಅರ್ಜಿ ಎಲ್ಲಿ, ಯಾವಾಗ, ಹೇಗೆ

ಡಿಕ್ರಿ ಕೊಟ್ಟ ಕೌಟುಂಬಿಕ ನ್ಯಾಯಾಲಯದಲ್ಲೇ ಹಾಕಬೇಕು. ಕೌಟುಂಬಿಕ ನ್ಯಾಯಾಲಯ ಇಲ್ಲದ ಊರಾದರೆ, ಡಿಕ್ರಿ ಕೊಟ್ಟ ಸಿವಿಲ್ ಕೋರ್ಟಿನಲ್ಲಿ. ಆದರೆ ಡಿಕ್ರಿ ಬೆಂಗಳೂರಿನದು, ಗಂಡನ ಸೈಟು ಶಿವಮೊಗ್ಗದಲ್ಲಿ ಎಂದಾದರೆ ಬೆಂಗಳೂರಿನ ಕೋರ್ಟು ತನ್ನ ಎಲ್ಲೆಯ ಹೊರಗಿನ ಆಸ್ತಿಯನ್ನು ಜಪ್ತಿ ಮಾಡುವಂತಿಲ್ಲ. 39ನೇ ಕಲಮಿನಡಿ ಡಿಕ್ರಿಯನ್ನು ಶಿವಮೊಗ್ಗಕ್ಕೆ ವರ್ಗಾಯಿಸಿ ಎಂದು ಕೇಳಿ, ಎಷ್ಟು ಬಾಕಿ ಉಳಿದಿದೆ ಎಂಬ ಪ್ರಮಾಣಪತ್ರದ ಸಮೇತ ಅಲ್ಲಿಗೆ ಕಳುಹಿಸಬೇಕು. ಇದನ್ನು ಕಡೆಗಣಿಸಿ ಒಂದು ವರ್ಷ ಕಳೆದ ಮೇಲೆ ‘ವ್ಯಾಪ್ತಿ ಇಲ್ಲ’ ಎಂಬ ಆದೇಶ ಪಡೆಯುವುದು ಅಪರೂಪವೇನಲ್ಲ.

ಕಾಲಮಿತಿ 12 ವರ್ಷ. ಕಂತಿನ ಡಿಕ್ರಿಯಾದರೆ ಪ್ರತಿ ಕಂತು ತಪ್ಪಿದ ದಿನದಿಂದ ಎಣಿಕೆ. ‘ಇಂಥ ಕೆಲಸ ಮಾಡು’ ಎಂಬ ಆಜ್ಞಾಪಕ ಇಂಜಂಕ್ಷನ್ ಇದ್ದರೆ ಮಾತ್ರ 3 ವರ್ಷ. ಹನ್ನೆರಡು ವರ್ಷ ಇದೆಯೆಂದು ಮಲಗಬೇಡಿ. ಡಿಕ್ರಿಯಾಗಿ ಎರಡು ವರ್ಷ ದಾಟಿದರೆ 22ನೇ ನಿಯಮದ ಪ್ರಕಾರ ಮೊದಲು ನೋಟಿಸು ಹೋಗಬೇಕು. ಆ ನೋಟಿಸು ತಲುಪುವಷ್ಟರಲ್ಲಿ ಬ್ಯಾಂಕ್ ಖಾತೆ ಖಾಲಿಯಾಗಿರುತ್ತದೆ.

ಅರ್ಜಿಯ ಪಟ್ಟಿಯಲ್ಲಿ 21ನೇ ಆದೇಶದ 11ನೇ ನಿಯಮ ಕೇಳುವ ಹತ್ತು ವಿವರಗಳಿರುತ್ತವೆ: ಕೇಸಿನ ನಂಬರು, ಪಕ್ಷಗಾರರ ಹೆಸರು, ಡಿಕ್ರಿಯ ತಾರೀಕು, ಮೇಲ್ಮನವಿ ಆಗಿದೆಯೇ, ಡಿಕ್ರಿಯ ನಂತರ ಏನಾದರೂ ಸಂದಾಯವಾಗಿದೆಯೇ, ಹಿಂದೆ ಅಮಲ್ಜಾರಿ ಹಾಕಿದ್ದಿದೆಯೇ, ಬಡ್ಡಿ ಸೇರಿ ಬಾಕಿ ಎಷ್ಟು, ಖರ್ಚು ಎಷ್ಟು, ಯಾರ ವಿರುದ್ಧ, ಮತ್ತು ಕೋರ್ಟಿನಿಂದ ಯಾವ ಬಗೆಯ ನೆರವು ಬೇಕು. ಕಚೇರಿ ಆಕ್ಷೇಪಣೆ ಹೆಚ್ಚಾಗಿ ಬರುವುದು ಐದನೆಯದಕ್ಕೆ ಮತ್ತು ಹತ್ತನೆಯದಕ್ಕೆ. ಗಂಡ ಗೂಗಲ್ ಪೇ ಮಾಡಿದ 50,000ವನ್ನು ಮರೆಮಾಚಿದರೆ ನಿಮ್ಮ ಮಾತಿನ ಮೇಲಿನ ನಂಬಿಕೆ ಮೊದಲ ವಾಯಿದೆಯಲ್ಲೇ ಹೋಗುತ್ತದೆ, ಆದ್ದರಿಂದ ಬಂದದ್ದನ್ನೆಲ್ಲ ತೋರಿಸಿ. ಹತ್ತನೆಯ ಅಂಕಣದಲ್ಲಿ ‘ಕಾನೂನು ರೀತ್ಯಾ ಕ್ರಮ ಕೈಗೊಳ್ಳಿ’ ಎಂದು ಬರೆದರೆ ಏನೂ ಆಗುವುದಿಲ್ಲ. ‘ಇಂಥ ಶಾಖೆಯ ಇಂಥ ಖಾತೆ ಜಪ್ತಿ’, ‘ಇಂಥ ಸಂಸ್ಥೆಯಲ್ಲಿ ಸಂಬಳ ಜಪ್ತಿ’ ಎಂದೇ ಬರೆಯಬೇಕು.

ಕಡತದಲ್ಲಿ ನಿಮ್ಮನ್ನು ಡಿ.ಎಚ್.ಆರ್. (ಡಿಕ್ರಿದಾರರು), ಎದುರಿನವರನ್ನು ಜೆ.ಡಿ.ಆರ್. (ತೀರ್ಪಿನ ಋಣಿ) ಎನ್ನುತ್ತಾರೆ. ಪ್ರತಿ ನೋಟಿಸಿಗೂ ವಾರಂಟಿಗೂ ಪ್ರೋಸೆಸ್ ಫೀ ಕಟ್ಟಬೇಕು. ‘ಪಿ.ಎಫ್. ಕಟ್ಟಿಲ್ಲ’ ಎಂಬ ಒಂದೇ ಕಾರಣಕ್ಕೆ ವಾಯಿದೆಗಳು ಉರುಳುತ್ತವೆ, ಕೊನೆಗೆ ಅರ್ಜಿಯೇ ವಜಾ ಆಗುತ್ತದೆ. ನಿಮ್ಮ ಕೇಸಿಗೆಂದೇ ಇರುವ 16 ಅಕ್ಷರ-ಅಂಕಿಯ ಸಿ.ಎನ್.ಆರ್. ನಂಬರನ್ನು ಇ-ಕೋರ್ಟ್ಸ್ ಆ್ಯಪಿನಲ್ಲಿ ಹಾಕಿದರೆ ಇಂಥ ಟಿಪ್ಪಣಿ ಅದೇ ದಿನ ಸಂಜೆಯೋ ಮರುದಿನವೋ ಕಾಣುತ್ತದೆ. ವಕೀಲರ ಫೋನಿಗೆ ಕಾಯಬೇಕಿಲ್ಲ. ವಕೀಲರ ಖರ್ಚು ಭಾರವಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಮಹಿಳೆಯರಿಗೆ ಆದಾಯ ಎಷ್ಟಿದ್ದರೂ ಉಚಿತ ನೆರವು ಸಿಗುತ್ತದೆ. ಸಹಾಯವಾಣಿ 15100.

ಮೇಲ್ಮನವಿ ಹಾಕಿದ್ದೇವೆ, ಆದ್ದರಿಂದ ಕೊಡುವುದಿಲ್ಲ ಎನ್ನುವವರಿಗೆ ಉತ್ತರ ಸರಳ: ಮೇಲ್ಮನವಿ ತಾನೇ ತಡೆಯಾಜ್ಞೆಯಲ್ಲ. ಹೈಕೋರ್ಟಿನ ಸ್ಟೇ ಆದೇಶ ತೋರಿಸಬೇಕು. ಒಪ್ಪಿಗೆಯ ಡಿಕ್ರಿಯಾದರೆ ಮೇಲ್ಮನವಿಯೇ ಇಲ್ಲ.

ಹಣ ವಸೂಲಿ: ಮೊದಲು ಸಂಬಳ, ಆಮೇಲೆ ಖಾತೆ, ಕೊನೆಗೆ ಜೈಲು

ಎದುರಿನವರು ನೌಕರಿಯಲ್ಲಿದ್ದರೆ ಸಂಬಳ ಜಪ್ತಿಗಿಂತ ಒಳ್ಳೆಯ ದಾರಿ ಇಲ್ಲ. 60ನೇ ಕಲಮಿನ ಲೆಕ್ಕ ನೋಡಿ. ತಿಂಗಳಿಗೆ 60,000 ಸಂಬಳ ಎಂದಿಟ್ಟುಕೊಳ್ಳಿ. ಡಿಕ್ರಿ ಸಾಮಾನ್ಯ ಹಣದ್ದಾದರೆ ಮೊದಲ 1,000 ರೂಪಾಯಿ ಮತ್ತು ಉಳಿದ 59,000ದ ಮೂರನೇ ಎರಡು ಭಾಗಕ್ಕೆ ರಕ್ಷಣೆ. ಜಪ್ತಿಗೆ ಸಿಗುವುದು ಸುಮಾರು 19,667. ಜೀವನಾಂಶದ ಡಿಕ್ರಿಯಾದರೆ ರಕ್ಷಣೆ ಮೂರನೇ ಒಂದು ಭಾಗಕ್ಕೆ ಮಾತ್ರ, ಜಪ್ತಿಗೆ 40,000 ಸಿಗುತ್ತದೆ. ಅದೂ ಅಲ್ಲದೆ ಸಾಮಾನ್ಯ ಡಿಕ್ರಿಯಲ್ಲಿ 24 ತಿಂಗಳು ಜಪ್ತಿಯಾದ ಮೇಲೆ ಅದೇ ಡಿಕ್ರಿಗೆ ಆ ಸಂಬಳ ಮತ್ತೆ ಸಿಗುವುದಿಲ್ಲ. ರಾಜಿಪತ್ರದಲ್ಲಿ ‘ಇತ್ಯರ್ಥದ ಹಣ’ ಎಂದು ಬರೆಯುವುದಕ್ಕೂ ‘ಶಾಶ್ವತ ಜೀವನಾಂಶ’ ಎಂದು ಬರೆಯುವುದಕ್ಕೂ ಇರುವ ಅಂತರ ಇಷ್ಟು. ಭತ್ಯೆಗಳಲ್ಲಿ ಕೆಲವು ಲೆಕ್ಕದಿಂದ ಹೊರಗಿರುತ್ತವೆ, ಹಾಗಾಗಿ ಪೇ ಸ್ಲಿಪ್ಪನ್ನು ಮುಂದಿಟ್ಟುಕೊಂಡೇ ಲೆಕ್ಕ ಹಾಕಿ.

ಸರ್ಕಾರಿ, ರೈಲ್ವೆ, ಪಾಲಿಕೆ ನೌಕರರಾದರೆ 48ನೇ ನಿಯಮ. ಸಂಬಳ ಬಟವಾಡೆ ಅಧಿಕಾರಿ ಎಲ್ಲೇ ಇರಲಿ, ಆದೇಶ ಹೋಗುತ್ತದೆ. ಖಾಸಗಿ ನೌಕರರಿಗೆ 48ಎ. ಅಲ್ಲಿ ಬಟವಾಡೆ ಅಧಿಕಾರಿ ಆ ಕೋರ್ಟಿನ ವ್ಯಾಪ್ತಿಯೊಳಗೆ ಇರಬೇಕು. ಮಂಗಳೂರಿನ ಶಾಖೆಯಲ್ಲಿ ಕೆಲಸ, ಪೇರೋಲ್ ಬೆಂಗಳೂರಿನಲ್ಲಿ ಎಂದಾದರೆ ಡಿಕ್ರಿಯನ್ನು ಬೆಂಗಳೂರಿಗೆ ವರ್ಗಾಯಿಸಿಕೊಳ್ಳಿ. ಆದೇಶ ತಲುಪಿದ ಮೇಲೂ ಸಂಸ್ಥೆ ಪೂರ್ತಿ ಸಂಬಳ ಕೊಟ್ಟುಬಿಟ್ಟರೆ ಆ ಮೊತ್ತಕ್ಕೆ ಸಂಸ್ಥೆಯೇ ಹೊಣೆ. ಈ ಮಾತನ್ನು ಆದೇಶದ ಜೊತೆಗಿನ ಪತ್ರದಲ್ಲಿ ಬರೆದು ಕಳಿಸಿದರೆ ಎಚ್.ಆರ್.ನವರು ಬೇಗ ಎಚ್ಚರಗೊಳ್ಳುತ್ತಾರೆ. ಭವಿಷ್ಯನಿಧಿಯ ಮೇಲೆ ಆಸೆ ಇಡಬೇಡಿ, ಅದಕ್ಕೆ ಜಪ್ತಿಯಿಂದ ರಕ್ಷಣೆ ಇದೆ. ಬೇಸಾಯಗಾರ ತಾನೇ ವಾಸವಿರುವ ಮನೆ, ಅವನ ಉಳುಮೆಯ ಸಲಕರಣೆ, ಎತ್ತುಗಳಿಗೂ ಇದೆ.

ಬ್ಯಾಂಕ್ ಖಾತೆ, ಎಫ್.ಡಿ., ಬಾಡಿಗೆದಾರ ಕೊಡಬೇಕಾದ ಬಾಡಿಗೆ, ಇವೆಲ್ಲ 46ಎ ನಿಯಮದಡಿಯ ಗಾರ್ನಿಷಿ ದಾರಿಯಲ್ಲಿ, ಅಂದರೆ ಋಣಿಗೆ ಹಣ ಕೊಡಬೇಕಾದ ಮೂರನೆಯವರಿಂದಲೇ ವಸೂಲು ಮಾಡುವ ದಾರಿಯಲ್ಲಿ, ಬರುತ್ತವೆ. ನಿಮಗೆ ಬೇಕಾದದ್ದು ಶಾಖೆಯ ಹೆಸರು ಮತ್ತು ಖಾತೆ ನಂಬರು. ಅದು ಎಲ್ಲಿ ಸಿಗುತ್ತದೆ? ಮೊದಲ ಜಾಗ ನಿಮ್ಮದೇ ಹಳೆಯ ಕೇಸಿನ ಕಡತ. ‘ರಜನೀಶ್ ವಿರುದ್ಧ ನೇಹಾ’ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರ ನವೆಂಬರ್ 4ರಂದು ಕೊಟ್ಟ ತೀರ್ಪಿನ ನಂತರ, ಜೀವನಾಂಶದ ಪ್ರಕರಣಗಳಲ್ಲಿ ಇಬ್ಬರೂ ಆದಾಯ-ಆಸ್ತಿ-ಸಾಲಗಳ ಪ್ರಮಾಣಪತ್ರ (ಅಫಿಡವಿಟ್) ಹಾಕಬೇಕು. ಅದರಲ್ಲಿ ಖಾತೆ, ಹೂಡಿಕೆ, ವಾಹನ, ತೆರಿಗೆ ವಿವರ ಎಲ್ಲ ಇರುತ್ತವೆ. ಅದರ ಸರ್ಟಿಫೈಡ್ ಕಾಪಿ ತೆಗೆಸಿ. ಅದಿಲ್ಲದಿದ್ದರೆ 41ನೇ ನಿಯಮದಡಿ ಅರ್ಜಿ ಹಾಕಿ: ಋಣಿ ತನ್ನ ಆಸ್ತಿಯ ವಿವರವನ್ನು ಪ್ರಮಾಣಪತ್ರದಲ್ಲಿ ಹೇಳಬೇಕು, ಹೇಳದಿದ್ದರೆ ಮೂರು ತಿಂಗಳವರೆಗೆ ಸಿವಿಲ್ ಸೆರೆವಾಸ. ಇಷ್ಟು ಹರಿತವಾದ ನಿಯಮವನ್ನು ನಮ್ಮ ಕಡೆ ಯಾಕೆ ಇಷ್ಟು ಕಡಿಮೆ ಬಳಸುತ್ತಾರೋ ತಿಳಿಯದು.

ಸ್ಥಿರಾಸ್ತಿಗೆ 54ನೇ ನಿಯಮದ ಜಪ್ತಿ. ಕಾವೇರಿ ತಂತ್ರಾಂಶದಲ್ಲಿ ಇ.ಸಿ., ಅಂದರೆ ಋಣಭಾರ ಪ್ರಮಾಣಪತ್ರ, ತೆಗೆಯಿರಿ (ವ್ಯವಹಾರ ಇದ್ದರೆ ನಮೂನೆ 15 ಬರುತ್ತದೆ, ಇಲ್ಲದಿದ್ದರೆ 16), ಜಮೀನಾದರೆ ‘ಭೂಮಿ’ ತಂತ್ರಾಂಶದಲ್ಲಿ ಪಹಣಿ ಮತ್ತು ಮ್ಯುಟೇಶನ್, ಪಟ್ಟಣದ್ದಾದರೆ ಇ-ಖಾತಾ. ಜಪ್ತಿ ಆದೇಶವಾದ ದಿನವೇ ಅದರ ಪ್ರತಿಯನ್ನು ಸಬ್‌ರಿಜಿಸ್ಟ್ರಾರ್‌ಗೆ ಕಳುಹಿಸಿಕೊಡಬೇಕೆಂದು ಮೆಮೊ ಹಾಕಿ, ಆಮೇಲೆ ಹೊಸ ಇ.ಸಿ. ತೆಗೆದು ಅದರಲ್ಲಿ ಬಂದಿದೆಯೇ ನೋಡಿ. ಜಪ್ತಿಯ ನಂತರ ಮಾಡಿದ ಮಾರಾಟ ನಿಮ್ಮ ವಿರುದ್ಧ ಊರ್ಜಿತವಲ್ಲ ನಿಜ, ಆದರೆ ಕೊಂಡವನ ಜೊತೆ ಹೊಡೆದಾಡುವುದಕ್ಕಿಂತ ಕೊಳ್ಳದಂತೆ ಮಾಡುವುದು ಸುಲಭ. ಹರಾಜಿನಲ್ಲಿ ಕೂಗಿದವರು ಅಲ್ಲೇ ಶೇ. 25, ಉಳಿದದ್ದನ್ನು 15 ದಿನದೊಳಗೆ ಕಟ್ಟಬೇಕು. ಕೋರ್ಟಿನ ಅನುಮತಿ ಪಡೆದು ನೀವೇ ಕೂಗಬಹುದು, ನಿಮಗೆ ಬರಬೇಕಾದ ಹಣವನ್ನು ಬೆಲೆಯಲ್ಲಿ ವಜಾ ಹಾಕಿಕೊಳ್ಳಬಹುದು. ಹರಾಜಾದ ಮೇಲೂ ಋಣಿಗೆ 60 ದಿನಗಳ ಅವಕಾಶವಿದೆ: ಬಾಕಿ ಮೊತ್ತ ಮತ್ತು ಕೊಂಡವನಿಗೆ ಶೇ. 5 ಕಟ್ಟಿದರೆ ಹರಾಜು ರದ್ದು. ಬಹಳ ಮಂದಿ ದುಡ್ಡು ಹೊರತೆಗೆಯುವುದು ಆ 60 ದಿನಗಳಲ್ಲೇ.

ಜೈಲಿನ ಮಾತು. ಸಿವಿಲ್ ಡಿಕ್ರಿಗೆ ಬಂಧನ ಸಾಧ್ಯ, 5,000ಕ್ಕಿಂತ ಹೆಚ್ಚಿನ ಮೊತ್ತಕ್ಕೆ ಮೂರು ತಿಂಗಳವರೆಗೆ. ಆದರೆ ‘ಕೊಡುವ ಶಕ್ತಿ ಇದ್ದೂ ಕೊಡುತ್ತಿಲ್ಲ’ ಎಂದು ತೋರಿಸುವ ಭಾರ ನಿಮ್ಮದು. ಬಡತನಕ್ಕೆ ಜೈಲಿಲ್ಲ ಎಂದು ಸುಪ್ರೀಂ ಕೋರ್ಟ್ 1980ರ ಜಾಲಿ ಜಾರ್ಜ್ ವರ್ಗೀಸ್ ಪ್ರಕರಣದಲ್ಲೇ ಹೇಳಿದೆ. ಹೊಸ ಕಾರಿನ ಆರ್.ಸಿ., ಪ್ರವಾಸದ ಫೋಟೊ, ಡಿಕ್ರಿಯ ನಂತರ ಕಟ್ಟಿಸಿದ ಮನೆಯ ಖಾತಾ, ಇಂಥವು ಸಾಕ್ಷ್ಯ. ಜೈಲಿನಲ್ಲಿರುವವರೆಗೆ ಊಟದ ಬತ್ತೆ ನೀವೇ ಕಟ್ಟಬೇಕು. ಹಣದ ಡಿಕ್ರಿಗೆ ಮಹಿಳೆಯನ್ನು ಬಂಧಿಸುವಂತಿಲ್ಲ.

ಹಣ ಕೊಡುವವರಿಗೂ ಒಂದು ಎಚ್ಚರಿಕೆ: ಕೋರ್ಟಿನ ಹೊರಗೆ ಕೊಟ್ಟದ್ದನ್ನು 2ನೇ ನಿಯಮದಡಿ ದಾಖಲಿಸದಿದ್ದರೆ ಅಮಲ್ಜಾರಿ ಕೋರ್ಟು ಅದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ನಿಮಗೆ ಅರ್ಜಿ ಹಾಕಲು ಇರುವುದು 30 ದಿನ. ಮಾವನ ಕೈಗೆ ಕೊಟ್ಟ ನಗದು ಕೊಟ್ಟಂತೆ ಅಲ್ಲ.

ಮನೆ, ಸೈಟು, ಜಮೀನು

ಪತ್ರ ಬರೆದುಕೊಡದೆ ತಪ್ಪಿಸಿಕೊಳ್ಳುತ್ತಿದ್ದರೆ 34ನೇ ನಿಯಮ. ಕರಡು ಪತ್ರವನ್ನು ನೀವೇ ಬರೆಸಿ ಅರ್ಜಿಯ ಜೊತೆ ಕೊಡುತ್ತೀರಿ. ಕೋರ್ಟು ಅದನ್ನು ಎದುರಿನವರಿಗೆ ನೋಟಿಸಿನೊಂದಿಗೆ ಕಳಿಸಿ ಆಕ್ಷೇಪಣೆ ಕೇಳುತ್ತದೆ. ಆಮೇಲೆ ಅಂಗೀಕರಿಸುತ್ತದೆ ಅಥವಾ ತಿದ್ದುತ್ತದೆ. ನೀವು ಸರಿಯಾದ ಸ್ಟಾಂಪ್ ಕಟ್ಟಿ ತಂದ ಪತ್ರಕ್ಕೆ, ಎದುರಿನವರು ಬರದಿದ್ದರೆ, ಕೋರ್ಟು ನೇಮಿಸಿದ ಅಧಿಕಾರಿ ಅವರ ಪರವಾಗಿ ಸಹಿ ಹಾಕುತ್ತಾರೆ. ಅದಕ್ಕೆ ಅವರೇ ಹಾಕಿದ ಸಹಿಯಷ್ಟೇ ಬೆಲೆ. ಕರಡು ಡಿಕ್ರಿಗಿಂತ ಒಂದಿಂಚೂ ಹೆಚ್ಚು ಹೇಳಬಾರದು. ಡಿಕ್ರಿಯಲ್ಲಿ 30×40 ಸೈಟು ಎಂದಿದ್ದು ಕರಡಿನಲ್ಲಿ ಪಕ್ಕದ ಗ್ಯಾರೇಜು ಸೇರಿದರೆ ಮತ್ತೆ ಆರು ತಿಂಗಳು.

ಸ್ವಾಧೀನಕ್ಕೆ 35ನೇ ನಿಯಮ. ಡೆಲಿವರಿ ವಾರಂಟ್ ಹಿಡಿದು ಅಮೀನ ಬರುತ್ತಾನೆ, ಅಗತ್ಯವಿದ್ದರೆ ಬೀಗ ಒಡೆಯಲು ಮತ್ತು ಪೊಲೀಸ್ ಬಂದೋಬಸ್ತಿಗೆ ಮುಂಚೆಯೇ ಆದೇಶ ಪಡೆದಿರಬೇಕು. ಬೀಗ ಕಂಡು ವಾಪಸು ಹೋದ ವಾರಂಟುಗಳೇ ಜಾಸ್ತಿ. ಒಳಗೆ ಅತ್ತೆಯೋ ಮೈದುನನೋ ‘ಇದು ನಮ್ಮದು’ ಎಂದು ಅಡ್ಡ ನಿಂತರೆ 97ನೇ ನಿಯಮದಡಿ ಅರ್ಜಿ ಹಾಕಬೇಕು. ಅವರ ಹಕ್ಕಿನ ಪ್ರಶ್ನೆಯನ್ನು ಅದೇ ಕೋರ್ಟು ತೀರ್ಮಾನಿಸುತ್ತದೆ, ಬೇರೆ ದಾವೆ ಬೇಡ.

ಸಾಲವಿರುವ ಮನೆಯಲ್ಲಿ ಬ್ಯಾಂಕು ನಿಮ್ಮ ರಾಜಿಗೆ ಪಕ್ಷಗಾರನಲ್ಲ. ‘ಇ.ಎಂ.ಐ. ಗಂಡ ಕಟ್ಟತಕ್ಕದ್ದು’ ಎಂಬ ಷರತ್ತು ಗಂಡನನ್ನು ಕಟ್ಟಿಹಾಕುತ್ತದೆಯೇ ಹೊರತು ಬ್ಯಾಂಕನ್ನಲ್ಲ. ಜಂಟಿ ಸಾಲಗಾರರಾಗಿದ್ದರೆ ಅವನು ತಪ್ಪಿಸಿದಾಗ ನಿಮ್ಮ ಸಿಬಿಲ್ ಅಂಕವೂ ಬೀಳುತ್ತದೆ. ಜಮೀನಿನ ಒಂದು ಭಾಗ ಬರುವುದಾದರೆ ನೋಂದಣಿಗೆ ಆ ಭಾಗವನ್ನು ಅಳೆದು ತೋರಿಸುವ 11ಇ ಸರ್ವೆ ನಕ್ಷೆ ಬೇಕು, ಅದಕ್ಕೆ ಮೊದಲೇ ಅರ್ಜಿ ಕೊಡಿ. ಪರಿಶಿಷ್ಟರಿಗೆ ಮಂಜೂರಾದ ಜಮೀನಾದರೆ 1978ರ ಪಿ.ಟಿ.ಸಿ.ಎಲ್. ಕಾಯ್ದೆ ಅಡ್ಡ ಬರುತ್ತದೆ, ಸರ್ಕಾರದ ಪೂರ್ವಾನುಮತಿ ಇಲ್ಲದ ವರ್ಗಾವಣೆ ನಿಲ್ಲುವುದಿಲ್ಲ. ಪಿತ್ರಾರ್ಜಿತ ಆಸ್ತಿಯಲ್ಲಿ ಜಪ್ತಿಗೆ ಸಿಗುವುದು ಗಂಡನ ಅವಿಭಕ್ತ ಹಿಸ್ಸೆ ಮಾತ್ರ. ಅತ್ತೆಯ ಸ್ವಂತ ಹೆಸರಿನ ಮನೆ ಸಿಗುವುದೇ ಇಲ್ಲ.

ಒಡವೆ ವಸ್ತು

ಸ್ತ್ರೀಧನ ಹೆಂಡತಿಯದೇ ಆಸ್ತಿ ಎಂಬುದರಲ್ಲಿ 1985ರ ಪ್ರತಿಭಾ ರಾಣಿ ತೀರ್ಪಿನಿಂದಲೂ ಸಂಶಯವಿಲ್ಲ. ಕಷ್ಟ ಇರುವುದು ಪಟ್ಟಿಯಲ್ಲಿ. ‘ಮದುವೆಯ ಚಿನ್ನದ ಒಡವೆಗಳು’ ಎಂಬ ಡಿಕ್ರಿಯನ್ನು ಹಿಡಿದು ಅಮೀನ ಏನನ್ನು ವಶಕ್ಕೆ ತೆಗೆದುಕೊಳ್ಳಬೇಕು? ‘ಎರಡೆಳೆ ಅವಲಕ್ಕಿ ಸರ, 42 ಗ್ರಾಂ, ಹಾಲ್‌ಮಾರ್ಕ್, ಬಳೆ 4, ಒಟ್ಟು 50 ಗ್ರಾಂ’ ಎಂಬಂತೆ ಇರಬೇಕು, ರಸೀದಿ ಇಲ್ಲದಿದ್ದರೆ ಮದುವೆಯ ಆಲ್ಬಮ್ಮಿನ ಫೋಟೊ ನಂಬರು. ವಸ್ತು ಸಿಗದಿದ್ದರೆ ಬದಲಿಗೆ ಎಷ್ಟು ಹಣ ಎಂಬುದನ್ನೂ ಡಿಕ್ರಿ ಹೇಳಬೇಕು, ಅದಕ್ಕೆ ಸಂಹಿತೆಯಲ್ಲೇ ನಿಯಮವಿದೆ. ಆ ಮೊತ್ತವನ್ನು ಮದುವೆಯ ವರ್ಷದ ಬೆಲೆಯಲ್ಲಿ ಬರೆಸಬೇಡಿ. ‘ಸಂದಾಯದ ದಿನದ ಮಾರುಕಟ್ಟೆ ದರದಲ್ಲಿ’ ಎಂದು ಬರೆಸಿ. ಲಾಕರಿನಲ್ಲಿದ್ದರೆ ಬ್ಯಾಂಕಿಗೆ ನಿರ್ದೇಶನ, ಕೋರ್ಟ್ ಕಮಿಷನರ್ ಎದುರು ತೆರೆಯುವುದು, ತೂಕ ಹಾಕಿ ಪಂಚನಾಮೆ, ಇಷ್ಟನ್ನೂ ಒಂದೇ ಅರ್ಜಿಯಲ್ಲಿ ಕೇಳಿ. ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ಮ್ಯಾಜಿಸ್ಟ್ರೇಟರ ಮುಂದೆ ಕೇಸಿದ್ದರೆ 19(8) ಪ್ರಕಾರ ಸ್ತ್ರೀಧನ ವಾಪಸಾತಿಯನ್ನು ಅಲ್ಲೇ ಕೇಳಬಹುದು.

ತಿಂಗಳ ಜೀವನಾಂಶ

ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮು, 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿ.ಎನ್.ಎಸ್.ಎಸ್.) 144. ಇಲ್ಲಿ ಮರೆಯಬಾರದ ಒಂದೇ ಒಂದು ಅಂಕಿ ಇದೆ: ಒಂದು ವರ್ಷ. ಬಾಕಿಯಾದ ದಿನದಿಂದ ವರ್ಷದೊಳಗೆ ವಸೂಲಿ ಅರ್ಜಿ ಹಾಕದಿದ್ದರೆ ಆ ತಿಂಗಳಿಗೆ ವಾರಂಟ್ ಸಿಗುವುದಿಲ್ಲ. ಮೂರು ವರ್ಷ ಸುಮ್ಮನಿದ್ದು ಒಟ್ಟಿಗೆ ಕೇಳಿದರೆ ಎರಡು ವರ್ಷದ ಹಣ ಈ ದಾರಿಯಲ್ಲಿ ಹೋಯಿತೆಂದೇ ಲೆಕ್ಕ. ಆರು ತಿಂಗಳಿಗೊಮ್ಮೆ ಹೊಸ ಅರ್ಜಿ ಹಾಕುವ ರೂಢಿ ಒಳ್ಳೆಯದು. ಮೊದಲು ಎಫ್.ಎಲ್.ಡಬ್ಲ್ಯು. (ದಂಡ ವಸೂಲಿ ಮಾದರಿಯ ವಾರಂಟ್) ಹೋಗುತ್ತದೆ, ಆಮೇಲೆ ಬಂಧನ, ಒಂದು ತಿಂಗಳವರೆಗೆ. ಜೈಲಿಗೆ ಹೋಗಿ ಬಂದರೆ ಬಾಕಿ ತೀರಿತು ಎಂದು ಹಲವರು ನಂಬಿದ್ದಾರೆ. ತೀರುವುದಿಲ್ಲ, ಕುಲದೀಪ್ ಕೌರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಸ್ಪಷ್ಟವಾಗಿ ಹೇಳಿದೆ. ಕೌಟುಂಬಿಕ ದೌರ್ಜನ್ಯ ಕಾಯ್ದೆಯ ಆದೇಶವಾದರೆ 20(6) ಅಡಿ ನೇರವಾಗಿ ಉದ್ಯೋಗದಾತರಿಗೇ ಸಂಬಳದಿಂದ ಕೊಡಲು ನಿರ್ದೇಶನ ಪಡೆಯಬಹುದು.

ತಪ್ಪಿಸಿಕೊಳ್ಳುವ ದಾರಿಗಳು, ಹೊರದೇಶದ ಗಂಟುಗಳು

ಡಿಕ್ರಿಯ ಸುಳಿವು ಸಿಗುತ್ತಲೇ ಸೈಟು ತಮ್ಮನ ಹೆಸರಿಗೆ ದಾನವಾಗುವುದು ಹಳೆಯ ಆಟ. ಆ ಸ್ವತ್ತು ಕೇಸಿನಲ್ಲೇ ವಿವಾದದ ವಸ್ತುವಾಗಿದ್ದರೆ ಆಸ್ತಿ ವರ್ಗಾವಣೆ ಕಾಯ್ದೆಯ 52ನೇ ಕಲಮು ನಿಮ್ಮ ಪರ. ಇಲ್ಲದಿದ್ದರೆ ಹಣ ಬರಬೇಕಾದವರಿಗೆ ಮೋಸ ಮಾಡಲು ಮಾಡಿದ ವರ್ಗಾವಣೆ ಎಂದು 53ರಡಿ ಪ್ರಶ್ನಿಸಬೇಕು, ಅದು ಉದ್ದದ ದಾರಿ. ರಾಜಿಯಲ್ಲಿ ಕೋರ್ಟಿಗೆ ಸ್ಪಷ್ಟ ಮುಚ್ಚಳಿಕೆ ಬರೆದುಕೊಟ್ಟು ಮುರಿದಿದ್ದರೆ ನ್ಯಾಯಾಂಗ ನಿಂದನೆಯ ದಾರಿಯೂ ಇದೆ, ಒಂದು ವರ್ಷದೊಳಗೆ. ಬರೀ ರಾಜಿ ಡಿಕ್ರಿ ಮುರಿದರೆ ಅದು ನಿಂದನೆಯಾಗುವುದಿಲ್ಲ. ಮುಚ್ಚಳಿಕೆಯ ಮಾತು ಪ್ರತ್ಯೇಕವಾಗಿ ಬರೆದಿರಬೇಕು.

ಗಂಡ ದುಬೈಯಲ್ಲೋ ಡಲ್ಲಾಸಿನಲ್ಲೋ ಇದ್ದರೂ ಇಲ್ಲಿನ ಸೈಟು, ಖಾತೆ, ಬಾಡಿಗೆ ಇಲ್ಲೇ ಇವೆ, ಅವುಗಳ ಮೇಲೆ ಮೊದಲು ಕೈಯಿಡಿ. ಹೊರದೇಶದ ಡಿಕ್ರಿ ಹಿಡಿದು ಬರುವವರಿಗೆ ಲೆಕ್ಕ ಬೇರೆ. ಬ್ರಿಟನ್, ಸಿಂಗಪುರ, 2020ರ ಜನವರಿಯಿಂದ ಯು.ಎ.ಇ. ಮುಂತಾದ ಅಧಿಸೂಚಿತ ದೇಶಗಳ ಹಣದ ಡಿಕ್ರಿಯನ್ನು ಸಿವಿಲ್ ಪ್ರಕ್ರಿಯಾ ಸಂಹಿತೆಯ 44ಎ ಕಲಮಿನಡಿ ಇಲ್ಲಿನ ಜಿಲ್ಲಾ ನ್ಯಾಯಾಲಯದಲ್ಲಿ ಜಾರಿಗೆ ಹಾಕಬಹುದು. ಅಮೆರಿಕ ಆ ಪಟ್ಟಿಯಲ್ಲಿಲ್ಲ. ಅಲ್ಲಿನ ಡಿಕ್ರಿಯ ಆಧಾರದ ಮೇಲೆ ಮೂರು ವರ್ಷದೊಳಗೆ ಇಲ್ಲಿ ಹೊಸ ದಾವೆಯನ್ನೇ ಹೂಡಬೇಕು. ಬೆಂಗಳೂರಿನ ಫ್ಲ್ಯಾಟು ಯಾರಿಗೆ ಎಂದು ಕ್ಯಾಲಿಫೋರ್ನಿಯಾದ ನ್ಯಾಯಾಧೀಶರು ಬರೆದದ್ದು ಇಲ್ಲಿನ ಸಬ್‌ರಿಜಿಸ್ಟ್ರಾರ್‌ಗೆ ಬರೀ ಕಾಗದ. ನೀವೇ ಹೊರದೇಶದಲ್ಲಿದ್ದರೆ ಅಪ್ಪನಿಗೋ ಅಕ್ಕನಿಗೋ ಕೊಡುವ ಅಧಿಕಾರಪತ್ರವನ್ನು ದೂತಾವಾಸದಲ್ಲಿ ದೃಢೀಕರಿಸಿ ಕಳಿಸಿ; ಅದು ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಸ್ಟಾಂಪ್ ಹಾಕಿಸಬೇಕು.

ಅಮಲ್ಜಾರಿ ಆರು ತಿಂಗಳಲ್ಲಿ ಮುಗಿಯಬೇಕೆಂದು ಸುಪ್ರೀಂ ಕೋರ್ಟ್ 2021ರ ಏಪ್ರಿಲಿನಲ್ಲಿ, ಬೆಂಗಳೂರಿನಿಂದಲೇ ಹೋಗಿದ್ದ ರಾಹುಲ್ ಎಸ್. ಶಾ ಪ್ರಕರಣದಲ್ಲಿ, ನಿರ್ದೇಶಿಸಿದೆ. ಮುಗಿಯುವುದು ಕಷ್ಟವೇ. ಆದರೂ ಮೂರನೇ ಸಲ ಸಮಯ ಕೇಳಿದಾಗ ಆ ತೀರ್ಪಿನ ಪ್ರತಿಯೊಂದಿಗೆ ಮೆಮೊ ಹಾಕಿದರೆ ನಾಲ್ಕನೇ ಸಲ ಸಮಯ ಸಿಗುವುದು ಸುಲಭವಾಗುವುದಿಲ್ಲ.

ಪೂರ್ತಿ ಹಣ ಬಂದ ದಿನ ಫುಲ್ ಸ್ಯಾಟಿಸ್‌ಫ್ಯಾಕ್ಷನ್ ಮೆಮೊ ಹಾಕಿ, ಜಪ್ತಿ ತೆರವಿನ ಆದೇಶ ಸಬ್‌ರಿಜಿಸ್ಟ್ರಾರ್‌ಗೆ, ಬ್ಯಾಂಕಿಗೆ, ಸಂಬಳ ಕೊಡುವವರಿಗೆ ಹೋಗಲಿ. ಭಾಗಶಃ ಬಂದಿದ್ದರೆ ‘ಪಾರ್ಟ್ ಸ್ಯಾಟಿಸ್‌ಫ್ಯಾಕ್ಷನ್’ ಎಂದೇ ಬರೆದು, ಉಳಿದ ಮೊತ್ತವನ್ನು ಅಂಕಿಯಲ್ಲೂ ಅಕ್ಷರದಲ್ಲೂ ನಮೂದಿಸಿ ಸಹಿ ಮಾಡಿ. ಮನೆ ನಿಮ್ಮ ಪಾಲಿಗೆ ಬಂದಿದ್ದರೆ ನೋಂದಣಿಯ ನಂತರ ಖಾತಾ, ವಿದ್ಯುತ್ ಮತ್ತು ನೀರಿನ ಮೀಟರು, ಅಪಾರ್ಟ್‌ಮೆಂಟ್ ಸಂಘದ ದಾಖಲೆ ಎಲ್ಲವೂ ನಿಮ್ಮ ಹೆಸರಿಗೆ ಆಗುವವರೆಗೆ ಅಮಲ್ಜಾರಿ ಅರ್ಜಿಯನ್ನು ಮುಕ್ತಾಯ ಮಾಡಿಸಬೇಡಿ.